ಕೆಲಸ ಆಗುತ್ತಿದೆ ಸರಿ, ಕೆಲಸ ಮಾಡುವವರು ಹೇಗಿದ್ದಾರೆ?

ಮಾನ್ಯ ಸಂಪಾದಕರೇ,

ಮನೆಯಿಂದ ಕೆಲಸ ಮಾಡುವವರ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಲೇಖನಗಳು, ಓದುಗರ ಪತ್ರಗಳು ಬರುತ್ತಲೇ ಇರುತ್ತವೆ. ಒಂದನ್ನೂ ಬಿಡದೆ ಓದುತ್ತೇನೆ. 2020ರ ಲಾಕ್‌ಡೌನ್‌ನಲ್ಲಿ ಲ್ಯಾಪ್‌ಟಾಪ್ ಮನೆಗೆ ತಂದವಳು ನಾನು, ಇವತ್ತಿಗೂ ಮನೆಯಿಂದಲೇ ಕೆಲಸ. ಆದರೆ ಓದಿದಷ್ಟೂ ಒಂದೇ ಜಗಳ ಕಾಣುತ್ತದೆ. ಒಬ್ಬರು, ಮನೆಯಲ್ಲಿ ಕೂತರೆ ಯಾರೂ ಕೆಲಸ ಮಾಡುವುದಿಲ್ಲ, ಎಲ್ಲರನ್ನೂ ಆಫೀಸಿಗೆ ಕರೆಸಿ ಅನ್ನುತ್ತಾರೆ. ಇನ್ನೊಬ್ಬರು, ಓಡಾಟದ ಹೊತ್ತು ಉಳಿಯುತ್ತದೆ, ಕೆಲಸ ಜಾಸ್ತಿಯೇ ಆಗುತ್ತದೆ, ಸುಮ್ನೆ ಬಿಡಿ ಅನ್ನುತ್ತಾರೆ. ಕೆಲಸ ಆಯಿತೋ ಇಲ್ಲವೋ ಅನ್ನುವುದನ್ನೇ ಎಲ್ಲರೂ ಅಳೆಯುತ್ತಿದ್ದಾರೆ. ಕೆಲಸ ಮಾಡುವವರು ಹೇಗಿದ್ದಾರೆ ಅಂತ ಕೇಳಿದ ಪತ್ರ ನನ್ನ ಕಣ್ಣಿಗೆ ಬಿದ್ದಿಲ್ಲ. ಹಾಗಾಗಿ ನಾನೇ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ, ದಯವಿಟ್ಟು ಜಾಗ ಕೊಡಿ.

ಮೊದಲೇ ಹೇಳಿಬಿಡುತ್ತೇನೆ, ನಾನು ಮನೆಯಿಂದ ಕೆಲಸ ಮಾಡುವುದರ ವಿರೋಧಿ ಅಲ್ಲ. ಚಿಕ್ಕ ಮಗು ಇರುವವರು, ಹಾಸಿಗೆ ಹಿಡಿದ ಹಿರಿಯರನ್ನು ನೋಡಿಕೊಳ್ಳುವವರು, ಓಡಾಡುವುದು ಕಷ್ಟ ಇರುವವರು ಎಷ್ಟೋ ಜನ ಈ ವ್ಯವಸ್ಥೆಯಿಂದಾಗಿಯೇ ಕೆಲಸದಲ್ಲಿ ಉಳಿದಿದ್ದಾರೆ. ಅದನ್ನು ಕಿತ್ತುಕೊಳ್ಳಬೇಡಿ. ನನ್ನ ಮಾತು ಬೇರೆ. ಇದರಲ್ಲಿ ಮನಸ್ಸಿಗೆ ಬೀಳುವ ಪೆಟ್ಟು ನಿಜವಾದದ್ದು, ಅದನ್ನು ನೋಡಿಕೊಳ್ಳುವ ಹೊಣೆಯನ್ನು ಕೆಲಸ ಕೊಟ್ಟವರು ಹೊರಬೇಕು. ಈಗ ಅದು ಪೂರ್ತಿ ಕೆಲಸ ಮಾಡುವವರ ತಲೆ ಮೇಲೆ ಬಿದ್ದಿದೆ.

ಮನೆಯಿಂದ ಕೆಲಸ ಚೆನ್ನಾಗಿ ಆಗುತ್ತದೆ ಅನ್ನುವವರು ಹೆಚ್ಚಾಗಿ ಚೀನಾದ ಒಂದು ಪ್ರಯೋಗದ ಮಾತು ಎತ್ತುತ್ತಾರೆ. ಸಿಟ್ರಿಪ್ ಅನ್ನುವ ಪ್ರಯಾಣ ಬುಕಿಂಗ್ ಕಂಪನಿಯ ಕಾಲ್ ಸೆಂಟರ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ನಿಕೋಲಸ್ ಬ್ಲೂಮ್ ಮತ್ತು ಜೊತೆಗಾರರು ಮಾಡಿದ್ದು. ವರದಿ 2015ರಲ್ಲಿ ಪ್ರಕಟವಾಯಿತು. ತಾವಾಗಿ ಇಷ್ಟಪಟ್ಟು ಮುಂದೆ ಬಂದ ನೌಕರರಲ್ಲಿ ಒಂದು ಗುಂಪಿಗೆ 9 ತಿಂಗಳ ಕಾಲ ವಾರದಲ್ಲಿ 4 ದಿನ ಮನೆಯಿಂದ ಕೆಲಸ ಕೊಟ್ಟರು. ಅವರ ಕೆಲಸ ಶೇ 13ರಷ್ಟು ಹೆಚ್ಚಾಯಿತು. ಕೆಲಸ ಬಿಟ್ಟು ಹೋಗುವವರು ಅರ್ಧಕ್ಕೆ ಇಳಿದರು. ಮಾತು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತದೆ. ಆದರೆ ಅದೇ ವರದಿಯಲ್ಲಿ ಇನ್ನೂ ಇದೆ. ಆ 13ರಲ್ಲಿ 9 ಬಂದದ್ದು ಬಿಡುವು ಕಡಿಮೆ ತೆಗೆದುಕೊಂಡಿದ್ದರಿಂದ, ಹುಷಾರಿಲ್ಲ ಅಂತ ರಜೆ ಹಾಕುವುದು ಕಡಿಮೆಯಾಗಿದ್ದರಿಂದ. ಅಷ್ಟೇ ಚೆನ್ನಾಗಿ ಕೆಲಸ ಮಾಡಿದರೂ ಮನೆಯಲ್ಲಿದ್ದವರಿಗೆ ಬಡ್ತಿ ಸಿಗುವುದು ಕಡಿಮೆಯಾಯಿತು. ಪ್ರಯೋಗ ಮುಗಿದ ಮೇಲೆ, ಇನ್ನು ನಿಮಗೆ ಬೇಕಾದ್ದು ಆರಿಸಿಕೊಳ್ಳಿ ಅಂದಾಗ ಮನೆಯಲ್ಲಿದ್ದವರಲ್ಲಿ ಸುಮಾರು ಅರ್ಧ ಜನ ಆಫೀಸಿಗೆ ವಾಪಸ್ ಹೋದರು. ಅವರು ಕೊಟ್ಟ ದೊಡ್ಡ ಕಾರಣ ಒಂಟಿತನ. ಯೋಚಿಸಿ ನೋಡಿ, ಇವರು ಬೇಕು ಅಂತ ಕೇಳಿ ಮನೆಗೆ ಹೋದವರು. ಕೊರೊನಾ ಬರುವುದಕ್ಕೆ ಎಷ್ಟೋ ವರ್ಷ ಮುಂಚಿನ ಮಾತು ಇದು, ಲಾಕ್‌ಡೌನ್ ಭಯ ಅಂತ ತಳ್ಳಿಹಾಕುವ ಹಾಗೂ ಇಲ್ಲ.

ಒಂಟಿತನ ಅಂದರೆ ತಕ್ಷಣ ಜನ ಹೇಳುವುದು, ಮನೆ ತುಂಬ ಜನ ಇದ್ದಾರಲ್ಲ, ಯಾವ ಒಂಟಿತನ ನಿಮಗೆ ಅಂತ. ಜನ ಇದ್ದಾರೆ, ನಿಜ. ಆದರೆ ದಿನದ ಎಂಟೋ ಒಂಬತ್ತೋ ಗಂಟೆ ನಾನು ಏನು ಮಾಡುತ್ತಿದ್ದೇನೆ, ಯಾವುದಕ್ಕೆ ತಲೆ ಕೆಡಿಸಿಕೊಂಡಿದ್ದೇನೆ ಅನ್ನುವುದು ಅವರಿಗೆ ಗೊತ್ತಾಗುವುದಿಲ್ಲ. ಗೊತ್ತಾಗುವವರು ಎದುರಿಗಿಲ್ಲ. ಆಫೀಸಿನಲ್ಲಿ ಪಕ್ಕದ ಕುರ್ಚಿಯವರು ಮುಖ ನೋಡಿಯೇ ಕೇಳುತ್ತಿದ್ದರು, ಯಾಕೆ ಇವತ್ತು ಸಪ್ಪಗಿದ್ದೀರಿ ಅಂತ. ನಾವಾಗಿ ಹೇಳಿಕೊಳ್ಳಬೇಕಾಗಿರಲಿಲ್ಲ. ಈಗ ಬೇಜಾರಾಗಿದೆ ಅನ್ನುವುದನ್ನೂ ಟೈಪ್ ಮಾಡಬೇಕು. ಟೈಪ್ ಮಾಡಿ ಓದಿದಾಗ ತೀರಾ ದೊಡ್ಡದು ಮಾಡಿದ ಹಾಗೆ ಕಾಣುತ್ತದೆ, ಅಳಿಸಿ ಹಾಕುತ್ತೇವೆ. ಹೇಳಿಕೊಳ್ಳಲು ಬಾರದ ಎಷ್ಟೋ ಜನರಿಗೆ ಅಕ್ಕಪಕ್ಕದವರು ಗಮನಿಸುವುದೇ ಆಸರೆ. ಆ ಆಸರೆ ಹೋಗಿದೆ.

ಒಂದು ಉದಾಹರಣೆ ಕೊಡುತ್ತೇನೆ. ನಮ್ಮ ಟೀಮಿನ ಚಿಕ್ಕ ವಯಸ್ಸಿನ ಹುಡುಗಿಯೊಬ್ಬಳಿಗೆ ಬೆಳಿಗ್ಗೆ ಲಾಗಿನ್ ಆದ ಕೂಡಲೇ ಮ್ಯಾನೇಜರ್‌ರಿಂದ ಒಂದು ಮೆಸೇಜ್ ಬಂತು. "ಸ್ವಲ್ಪ ಮಾತಾಡಬೇಕಿತ್ತು. ಆಮೇಲೆ ಕಾಲ್ ಮಾಡ್ತೀನಿ." ಅಷ್ಟೇ. ಅವರು ಸಂಜೆವರೆಗೂ ಒಂದಾದ ಮೇಲೊಂದು ಮೀಟಿಂಗ್‌ನಲ್ಲಿದ್ದರು. ಇವಳು ಹಿಂದಿನ ತಿಂಗಳ ಫೈಲುಗಳನ್ನೆಲ್ಲ ತೆಗೆದು ಎಲ್ಲಿ ತಪ್ಪಾಗಿದೆ ಅಂತ ಹುಡುಕುತ್ತಾ ಕೂತಳು. ಮಧ್ಯಾಹ್ನ ಊಟ ಸೇರಲಿಲ್ಲ. ಕೆಲಸ ಹೋದರೂ ಹೋಗಬಹುದು ಅಂತ ಅಮ್ಮನಿಗೆ ಹೇಳಿಯೂ ಬಿಟ್ಟಳಂತೆ. ಸಂಜೆ ಕಾಲ್ ಬಂತು. ಮುಂದಿನ ತಿಂಗಳು ಯಾವ ದಿನ ರಜೆ ಬೇಕು, ಎಲ್ಲರದ್ದೂ ಪಟ್ಟಿ ಮಾಡುತ್ತಿದ್ದೇನೆ ಅಂತ ಕೇಳಲು! ಆ ಮ್ಯಾನೇಜರ್ ಕೆಟ್ಟವರೇನಲ್ಲ, ನಿಜಕ್ಕೂ ಒಳ್ಳೆಯ ಮನುಷ್ಯ. ಆಫೀಸಿನಲ್ಲಿ ಇದೇ ಮಾತನ್ನು ನಡೆದು ಹೋಗುತ್ತಾ ನಗುಮುಖದಲ್ಲಿ ಹೇಳಿರುತ್ತಿದ್ದರು, ಅವಳಿಗೆ ಅರೆ ಕ್ಷಣದಲ್ಲಿ ಸಮಾಧಾನ ಆಗಿರುತ್ತಿತ್ತು. ಬರೆದ ಮಾತಿನಲ್ಲಿ ಆ ನಗು ಇರಲಿಲ್ಲ, ಮುಖ ಇರಲಿಲ್ಲ. ಆ ಖಾಲಿ ಜಾಗವನ್ನು ಇಡೀ ದಿನ ಅವಳು ಭಯದಿಂದ ತುಂಬಿಸಿಕೊಂಡಳು.

ದೂರದಿಂದ ಕೆಲಸ ಮಾಡುವ ಯಾರನ್ನೇ ಕೇಳಿ, ಇಂಥದ್ದು ಒಂದಲ್ಲ ಒಂದು ಹೇಳುತ್ತಾರೆ. ಬರೇ "ಓಕೆ" ಅಂತ ಉತ್ತರ ಬಂದರೆ ಸಿಟ್ಟಾಗಿದ್ದಾರಾ ಅನ್ನುವ ಅನುಮಾನ. ಚಾಟ್‌ನಲ್ಲಿ ಅವರು ಟೈಪ್ ಮಾಡುತ್ತಿದ್ದಾರೆ ಅಂತ ಕಾಣಿಸಿ, ನಿಂತು, ಮತ್ತೆ ಕಾಣಿಸಿ, ಕೊನೆಗೆ ಏನೂ ಬರದೇ ಹೋದರೆ ಇನ್ನೊಂದು ಅನುಮಾನ. ಇವೆಲ್ಲ ಸಣ್ಣ ಸಂಗತಿ ಅಂತ ಅನ್ನಿಸಬಹುದು. ಆದರೆ ದಿನಾ, ಪ್ರತಿ ಗಂಟೆ ಇದೇ ಆದರೆ ಮನುಷ್ಯ ಸೋತುಹೋಗುತ್ತಾನೆ.

ವಿಡಿಯೊ ಕಾಲ್ ಇದೆಯಲ್ಲ, ಮುಖ ಕಾಣುತ್ತದಲ್ಲ ಅನ್ನುತ್ತಾರೆ. ಅದರ ಸುಸ್ತೇ ಬೇರೆ. ಸ್ಟ್ಯಾನ್‌ಫರ್ಡ್‌ನ ಸಂಶೋಧಕ ಜೆರೆಮಿ ಬೇಲೆನ್ಸನ್ 2021ರಲ್ಲಿ ಇದಕ್ಕೆ ನಾಲ್ಕು ಕಾರಣ ಮುಂದಿಟ್ಟರು. ಪರದೆಯ ಮೇಲಿನ ಮುಖಗಳು ತೀರಾ ಹತ್ತಿರ ಇರುತ್ತವೆ, ಎಲ್ಲರೂ ಒಟ್ಟಿಗೆ ನಮ್ಮನ್ನೇ ನೋಡುತ್ತಿರುವ ಹಾಗೆ ಇರುತ್ತದೆ. ಕ್ಯಾಮೆರಾದ ಚೌಕಟ್ಟು ಬಿಟ್ಟು ಅಲ್ಲಾಡುವ ಹಾಗಿಲ್ಲ. ಎದುರುಬದುರು ಕೂತಾಗ ತಾನಾಗಿ ನಡೆಯುವ ತಲೆ ಆಡಿಸುವುದು, ಹ್ಞೂಂಗುಟ್ಟುವುದನ್ನೆಲ್ಲ ಇಲ್ಲಿ ಬೇಕು ಅಂತ ಮಾಡಿ ತೋರಿಸಬೇಕು. ನಾಲ್ಕನೆಯದು, ನಮ್ಮ ಮುಖ ನಮಗೇ ಕಾಣುತ್ತಿರುತ್ತದೆ. ಆಫೀಸಿನಲ್ಲಿ ಇಡೀ ದಿನ ಯಾರಾದರೂ ನಮ್ಮ ಮುಂದೆ ಕನ್ನಡಿ ಹಿಡಿದುಕೊಂಡು ಓಡಾಡಿದರೆ ಹೇಗಿರುತ್ತದೆ, ಹಾಗೆ ಅಂತ ಅವರೇ ವಿವರಿಸಿದ್ದಾರೆ. ನಮ್ಮ ಮುಖ ನಮಗೆ ಕಾಣದಂತೆ ಮರೆಮಾಡುವ ಸೌಲಭ್ಯ ಎಷ್ಟೋ ಆ್ಯಪ್‌ಗಳಲ್ಲಿ ಇದೆ. ಬಳಸಿ ನೋಡಿ, ನಿಜಕ್ಕೂ ಹಗುರಾಗುತ್ತದೆ.

ನಾನು ಇದಕ್ಕೆ ಇನ್ನೊಂದು ಸೇರಿಸುತ್ತೇನೆ. ಮೀಟಿಂಗ್ ಮುಗಿದ ಮೇಲಿನ ಮಾತು ಈಗ ಇಲ್ಲ. ಮುಂಚೆ ಮೀಟಿಂಗ್ ರೂಮಿನಿಂದ ಹೊರಗೆ ಬರುವಾಗ ಇಬ್ಬರು ಮೂವರು ಒಟ್ಟಿಗೆ ನಡೆಯುತ್ತಿದ್ದೆವು. ಅವರು ಹಾಗೆ ಅಂದಿದ್ದು ನಿನಗಲ್ಲ ಬಿಡು, ಮೇಲಿನವರ ಒತ್ತಡ ಅವರಿಗೂ ಇದೆ ಅಂತ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದೆವು. ಎಲ್ಲರ ಮುಂದೆ ಬೈಸಿಕೊಂಡವರಿಗೆ ಆ ಎರಡು ನಿಮಿಷವೇ ಮದ್ದು. ಈಗ ಬೈಸಿಕೊಂಡ ಮೇಲೆ ಒಂದು ಕ್ಲಿಕ್, ಎಲ್ಲರೂ ಮಾಯ. ರೂಮಿನಲ್ಲಿ ನಾವೊಬ್ಬರೇ. ಹೊರಗೆ ಬಂದರೆ ಮನೆಯವರು, ಅವರ ಮುಂದೆ ಏನೂ ಆಗದವರ ಹಾಗೆ ಇರಬೇಕು. ಬಾಗಿಲು ತೆಗೆಯುವ ಮುಂಚೆ ಮುಖ ಸರಿಮಾಡಿಕೊಳ್ಳುವ ಆ ಒಂದು ನಿಮಿಷ ಯಾವ ಕಂಪನಿಯ ಲೆಕ್ಕದಲ್ಲೂ ಬರುವುದಿಲ್ಲ.

ಸಾವಿನ ವಿಷಯ ಹೇಳಲೇಬೇಕು. ನಮ್ಮ ಸಹೋದ್ಯೋಗಿಯೊಬ್ಬರ ತಂದೆ ತೀರಿಕೊಂಡರು. ಗ್ರೂಪ್‌ನಲ್ಲಿ ಸುದ್ದಿ ಬಂತು. ಒಬ್ಬರಾದ ಮೇಲೊಬ್ಬರು ಕೈಮುಗಿದ ಚಿತ್ರ ಹಾಕಿದರು, ಓಂ ಶಾಂತಿ ಅಂತ ಬರೆದರು. ಎಲ್ಲರಿಗೂ ನಿಜವಾಗಿಯೇ ದುಃಖ ಇತ್ತು. ಸ್ವಲ್ಪ ಹೊತ್ತಿಗೆ ಅದೇ ಸಾಲಿನ ಕೆಳಗೆ ಯಾರೋ ಒಂದು ಫೈಲಿನ ಲಿಂಕ್ ಹಾಕಿ, ಇವತ್ತೇ ಡೆಡ್‌ಲೈನ್ ಅಂತ ಬರೆದರು. ಸಂತಾಪ ಎಲ್ಲ ಮೇಲಕ್ಕೆ ಸರಿದುಹೋಯಿತು. ಅವರು ರಜೆ ಮುಗಿಸಿ ಬಂದ ದಿನ ಮೊದಲ ಮೀಟಿಂಗ್‌ನಲ್ಲಿ ಯಾರಿಗೂ ಏನು ಹೇಳಬೇಕು ಅಂತ ತೋಚಲಿಲ್ಲ. ಅವರು ಕ್ಯಾಮೆರಾ ಆಫ್ ಮಾಡಿಕೊಂಡಿದ್ದರು. ಕೆಲಸದ ಮಾತು ಶುರುವಾಯಿತು, ಕೆಲಸದ ಮಾತಿನಲ್ಲೇ ಮುಗಿಯಿತು. ಒಂದೇ ಕಟ್ಟಡದಲ್ಲಿ ಇದ್ದಿದ್ದರೆ ಯಾರೋ ಒಬ್ಬರು ಎದ್ದು ಹೋಗಿ ಪಕ್ಕದಲ್ಲಿ ಕೂರುತ್ತಿದ್ದರು, ಭುಜದ ಮೇಲೆ ಕೈ ಇಡುತ್ತಿದ್ದರು. ಮಾತೇ ಬೇಕಾಗುತ್ತಿರಲಿಲ್ಲ. ಆಮೇಲೆ ಅವರು ನನ್ನ ಹತ್ತಿರ ಫೋನಿನಲ್ಲಿ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ಯಾರಿಗೂ ಗೊತ್ತೇ ಇಲ್ಲವೇನೋ ಅನ್ನಿಸಿತು."

ಇನ್ನು ಹೊಸದಾಗಿ ಕೆಲಸಕ್ಕೆ ಸೇರುವವರು. ನನ್ನ ಲೆಕ್ಕದಲ್ಲಿ ಎಲ್ಲರಿಗಿಂತ ಹೆಚ್ಚು ನೋವು ತಿನ್ನುವವರು ಇವರೇ, ಎಲ್ಲರಿಗಿಂತ ಕಡಿಮೆ ಹೇಳಿಕೊಳ್ಳುವವರೂ ಇವರೇ. ನಮ್ಮಂಥವರಿಗೆ ಹಳೆಯ ಪರಿಚಯ ಇದೆ. ಆಫೀಸಿನಲ್ಲಿ ಒಟ್ಟಿಗೆ ಕೂತು ಬೆಳೆದ ಸ್ನೇಹದ ಮೇಲೆ ಇಷ್ಟು ವರ್ಷ ನಡೆಸಿಕೊಂಡು ಬಂದಿದ್ದೇವೆ. ಮೊದಲ ಕೆಲಸವನ್ನೇ ಮನೆಯಲ್ಲಿ ಶುರು ಮಾಡಿದವರಿಗೆ ಅದೂ ಇಲ್ಲ. ಒಂದು ಸಣ್ಣ ಡೌಟ್ ಕೇಳಬೇಕು ಅಂದರೂ ಹತ್ತಾರು ಜನ ನೋಡುವ ಗ್ರೂಪ್‌ನಲ್ಲಿ ಬರೆಯಬೇಕು. ಇಷ್ಟೂ ಗೊತ್ತಿಲ್ಲವಾ ಅಂದುಕೊಂಡರೆ ಅನ್ನುವ ಅಂಜಿಕೆ. ಪಕ್ಕದವರ ಕಡೆ ಕುರ್ಚಿ ತಿರುಗಿಸಿ ಅರ್ಧ ನಿಮಿಷದಲ್ಲಿ ಕೇಳಿಬಿಡಬಹುದಾಗಿದ್ದನ್ನು ಗಂಟೆಗಟ್ಟಲೆ ಒಬ್ಬರೇ ಗುದ್ದಾಡುತ್ತಾರೆ. ಕೊನೆಗೆ ತಾನು ಈ ಕೆಲಸಕ್ಕೇ ಲಾಯಕ್ಕಿಲ್ಲ ಅಂತ ನಿರ್ಧಾರ ಮಾಡಿಕೊಳ್ಳುತ್ತಾರೆ. ಹಾಗೆ ಅಂದುಕೊಂಡು ಕೆಲಸ ಬಿಟ್ಟವರನ್ನು ನಾನೇ ನೋಡಿದ್ದೇನೆ, ಬುದ್ಧಿವಂತ ಮಕ್ಕಳು.

ಪರಿಚಯಗಳು ಕುಗ್ಗಿಹೋಗುತ್ತಿವೆ ಅನ್ನುವುದು ನನ್ನೊಬ್ಬಳ ಅನಿಸಿಕೆ ಅಲ್ಲ. ಮೈಕ್ರೋಸಾಫ್ಟ್ ಕಂಪನಿಯ ಅಮೆರಿಕದ 61,182 ನೌಕರರ 2020ರ ಮೊದಲ ಆರು ತಿಂಗಳ ಇಮೇಲ್, ಚಾಟ್, ಮೀಟಿಂಗ್‌ಗಳ ಲೆಕ್ಕವನ್ನು ಸಂಶೋಧಕರು ನೋಡಿದ್ದಾರೆ. ಎಲ್ಲರೂ ಮನೆಗೆ ಹೋದ ಮೇಲೆ ತಮ್ಮ ತಮ್ಮ ಗುಂಪಿನೊಳಗಿನ ಸಂಪರ್ಕ ಗಟ್ಟಿಯಾಯಿತು, ಬೇರೆ ಗುಂಪಿನವರ ಜೊತೆಗಿನ ಒಡನಾಟ ಸೊರಗಿತು. ಈ ದೂರದ ಪರಿಚಯಗಳು ಎಷ್ಟು ಮುಖ್ಯ ಅಂತ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ಬರೆದಿದ್ದರು. ಹೊಸ ಸುದ್ದಿ, ಹೊಸ ಅವಕಾಶ ನಮಗೆ ಬರುವುದು ಹೆಚ್ಚಾಗಿ ತೀರಾ ಹತ್ತಿರದವರಿಂದ ಅಲ್ಲ, ಅಷ್ಟಾಗಿ ಗೊತ್ತಿಲ್ಲದವರಿಂದ. ಲಿಫ್ಟಿನಲ್ಲಿ ನಕ್ಕು ಸುಮ್ಮನಾಗುತ್ತಿದ್ದ ಬೇರೆ ಟೀಮಿನವರು ನೆನಪಿದ್ದಾರಾ? ಅವರ ಹೆಸರೂ ಗೊತ್ತಿರುತ್ತಿರಲಿಲ್ಲ. ಅವರು ಇಲ್ಲವಾಗಿದ್ದು ನಮಗೆ ಗೊತ್ತೇ ಆಗಲಿಲ್ಲ, ಆದರೆ ದಿನ ಬರಡಾಯಿತು.

ಕೆಲಸದ ಹೊತ್ತಿನ ಬಗ್ಗೆ ಎಲ್ಲರಿಗೂ ಗೊತ್ತಿರುವುದೇ, ಜಾಸ್ತಿ ಎಳೆಯುವುದಿಲ್ಲ. ಕಾಣಿಸದೇ ಇರುವವರು ಕೆಲಸ ಮಾಡುತ್ತಿದ್ದೇನೆ ಅಂತ ದಿನವಿಡೀ ಸಾಬೀತು ಮಾಡಬೇಕಾಗುತ್ತದೆ. ಚಾಟ್‌ನಲ್ಲಿ ಹೆಸರಿನ ಪಕ್ಕ, ಕೆಲಸದಲ್ಲಿದ್ದೇವೆ ಅಂತ ತೋರಿಸುವ ಹಸಿರು ಚುಕ್ಕೆ ಹಳದಿಗೆ ತಿರುಗಬಾರದು ಅಂತ ಸ್ನಾನಕ್ಕೆ ಹೋಗುವಾಗಲೂ ಫೋನ್ ಹಿಡಿದುಕೊಂಡು ಹೋಗುವವರಿದ್ದಾರೆ. ರಾತ್ರಿ ಬಂದ ಮೆಸೇಜಿಗೆ ಬೆಳಿಗ್ಗೆ ಉತ್ತರ ಕೊಟ್ಟರೆ ಏನಂದುಕೊಳ್ಳುತ್ತಾರೋ ಅಂತ ರಾತ್ರಿಯೇ ಕೊಡುತ್ತಾರೆ. ಹೆಣ್ಣುಮಕ್ಕಳಿಗೆ ಇದು ಎರಡೂ ಕಡೆಯಿಂದ ಬರುತ್ತದೆ. ಹೇಗೂ ಮನೆಯಲ್ಲೇ ಇದ್ದೀಯಲ್ಲ ಅಂತ ಮನೆಯವರು, ಹೇಗೂ ಮನೆಯಲ್ಲೇ ಇದ್ದೀರಲ್ಲ ಅಂತ ಆಫೀಸಿನವರು! ವಾರಕ್ಕೆ 55 ಗಂಟೆ ಮತ್ತು ಅದಕ್ಕಿಂತ ಹೆಚ್ಚು ದುಡಿಯುವವರಿಗೆ 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು, ಹೃದಯದ ಕಾಯಿಲೆಯಿಂದ ಸಾಯುವ ಅಪಾಯ ಶೇ 17ರಷ್ಟು ಜಾಸ್ತಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಹೇಳಿವೆ. ಕೆಲಸಕ್ಕೂ ಮನೆಗೂ ಗೋಡೆಯೇ ಇಲ್ಲದವರು ಎಷ್ಟು ಗಂಟೆ ದುಡಿಯುತ್ತಿದ್ದಾರೆ ಅಂತ ಎಣಿಸುವವರು ಯಾರು?

ಇಷ್ಟೆಲ್ಲ ಹೇಳಿದರೆ ಕಂಪನಿಗಳಿಂದ ಸಾಮಾನ್ಯವಾಗಿ ಎರಡು ಉತ್ತರ ಬರುತ್ತದೆ. ಒಂದು, ಒತ್ತಡ ನಿಭಾಯಿಸುವುದು ಹೇಗೆ ಅಂತ ಒಂದು ಆನ್‌ಲೈನ್ ತರಗತಿ, ಇಲ್ಲವೇ ಧ್ಯಾನದ ಆ್ಯಪ್. ಧ್ಯಾನ ಒಳ್ಳೆಯದೇ, ನಾನೂ ಮಾಡುತ್ತೇನೆ. ಆದರೆ ಉಸಿರಾಟ ಸರಿಮಾಡಿಕೊಳ್ಳಿ ಅಂದರೆ ತೊಂದರೆ ನಿಮ್ಮ ಉಸಿರಾಟದಲ್ಲೇ ಇದೆ ಅಂದ ಹಾಗೆ ಆಗುತ್ತದೆ. ಒಂಟಿಯಾಗಿ ಕೂತವರಿಗೆ ಇನ್ನೂ ಒಂದು ಗಂಟೆ ಪರದೆ ನೋಡಿಸುವುದು ಪರಿಹಾರ ಹೇಗಾಗುತ್ತದೆ?

ಎರಡನೆಯ ಉತ್ತರ, ಹಾಗಾದರೆ ಎಲ್ಲರೂ ನಾಳೆಯಿಂದ ಆಫೀಸಿಗೆ ಬನ್ನಿ. ಇದೂ ಸರಿಯಲ್ಲ. ಸಮೀಕ್ಷೆ ಮಾಡುವ ಗ್ಯಾಲಪ್ ಸಂಸ್ಥೆಯ 2024ರ ಜಾಗತಿಕ ವರದಿಯಲ್ಲಿ, ಹಿಂದಿನ ದಿನ ಬಹಳ ಹೊತ್ತು ಒಂಟಿತನ ಕಾಡಿತು ಅಂದವರು ಪೂರ್ತಿ ಮನೆಯಿಂದ ಕೆಲಸ ಮಾಡುವವರಲ್ಲಿ ಶೇ 25. ಪೂರ್ತಿ ಆಫೀಸಿನಲ್ಲಿ ಕೆಲಸ ಮಾಡುವವರಲ್ಲೂ ಶೇ 16 ಜನ ಹಾಗೆ ಅಂದಿದ್ದಾರೆ. ಅಂದರೆ ಆಫೀಸಿಗೆ ಕರೆಸಿದ ಮಾತ್ರಕ್ಕೆ ಒಂಟಿತನ ಹೋಗುವುದಿಲ್ಲ. ಅಷ್ಟು ದೂರ ಕರೆಸಿ, ಕಿವಿಗೆ ಹೆಡ್‌ಫೋನ್ ಹಾಕಿಸಿ, ಬೇರೆ ಊರಿನವರ ಜೊತೆ ಅದೇ ವಿಡಿಯೊ ಕಾಲ್‌ನಲ್ಲಿ ಕೂರಿಸಿದರೆ ಏನು ಬದಲಾಯಿತು? ಮೇಲೆ ಹೇಳಿದ ಚೀನಾದ ಕಂಪನಿಯೇ, ಈಗ ಅದರ ಹೆಸರು ಟ್ರಿಪ್.ಕಾಮ್, ಆಮೇಲೆ 1,600ಕ್ಕೂ ಹೆಚ್ಚು ನೌಕರರ ಮೇಲೆ ಇನ್ನೊಂದು ಪ್ರಯೋಗ ಮಾಡಿತು. ವಾರದಲ್ಲಿ 2 ದಿನ ಮನೆ, 3 ದಿನ ಆಫೀಸು. 2024ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಕೆಲಸ ಬಿಡುವವರು ಮೂರನೇ ಒಂದರಷ್ಟು ಕಡಿಮೆಯಾದರು, ಕೆಲಸದ ಗುಣಮಟ್ಟವಾಗಲಿ ಬಡ್ತಿಯಾಗಲಿ ಕಡಿಮೆಯಾಗಲಿಲ್ಲ. ನಡುವಿನ ದಾರಿ ಇದೆ ಅಂತಾಯಿತು ಅಲ್ವಾ?

ನನಗೆ ಹೆಚ್ಚು ಹಿಡಿಸಿದ್ದು ಪೋರ್ಚುಗಲ್ 2021ರಲ್ಲಿ ಮಾಡಿದ ಕಾನೂನು. ಕೆಲಸದ ಹೊತ್ತು ಮುಗಿದ ಮೇಲೆ ನೌಕರರಿಗೆ ತೊಂದರೆ ಕೊಡಬಾರದು ಅನ್ನುವುದು ಅದರಲ್ಲಿ ಇದೆ. ಇಂಥ ನಿಯಮ ಫ್ರಾನ್ಸ್‌ನಲ್ಲಿ 2017ರಿಂದ ಇದೆ, ಆಸ್ಟ್ರೇಲಿಯಾದಲ್ಲಿ 2024ರಲ್ಲಿ ಬಂತು. ಆದರೆ ಪೋರ್ಚುಗಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ದೂರದಿಂದ ಕೆಲಸ ಮಾಡುವವರ ಒಂಟಿತನ ಕಡಿಮೆ ಮಾಡುವುದು ಮಾಲೀಕರ ಕರ್ತವ್ಯ ಅಂತ ಅಲ್ಲಿ ಬರೆದಿದ್ದಾರೆ. ಒಪ್ಪಂದದಲ್ಲಿ ಬೇರೆ ಅವಧಿ ಹೇಳಿಲ್ಲದಿದ್ದರೆ ಎರಡು ತಿಂಗಳೊಳಗೆ ಒಂದು ಸಲ ಅವರು ಮೇಲಧಿಕಾರಿಗಳನ್ನೂ ಸಹೋದ್ಯೋಗಿಗಳನ್ನೂ ಮುಖಾಮುಖಿ ಭೇಟಿಯಾಗುವ ಹಾಗೆ ನೋಡಿಕೊಳ್ಳಬೇಕು. ಒಂಟಿತನ ಅನ್ನುವ ಪದ ಕಾರ್ಮಿಕ ಕಾನೂನಿನಲ್ಲಿ ಬಂದಿದೆ ನೋಡಿ. ಕುರ್ಚಿ, ಇಂಟರ್ನೆಟ್ ಖರ್ಚಿನ ಜೊತೆಗೆ ಇದೂ ಮಾಲೀಕರ ಲೆಕ್ಕಕ್ಕೆ ಸೇರಿದ್ದು ಅಂತ ಒಂದು ದೇಶ ಒಪ್ಪಿಕೊಂಡಿದೆ. ಬೇರೆ ಕಡೆಯೂ ಇದನ್ನು ಯಾಕೆ ಕೇಳಬಾರದು?

ಕಾನೂನು ಬರುವ ತನಕ ಕಾಯಬೇಕಾಗಿಲ್ಲ. ಟೀಮ್ ನಡೆಸುವವರು ಈ ಪತ್ರ ಓದುತ್ತಿದ್ದರೆ ಅವರಲ್ಲಿ ನನ್ನ ಕೋರಿಕೆ ಇಷ್ಟೇ. ಮಾತಾಡಬೇಕು ಅಂತ ಮೆಸೇಜ್ ಹಾಕಿದರೆ ಯಾವ ವಿಷಯಕ್ಕೆ ಅಂತ ಅದೇ ಸಾಲಿನಲ್ಲಿ ಬರೆಯಿರಿ. ತಪ್ಪು ಹೇಳಬೇಕಿದ್ದರೆ ಫೋನ್ ಮಾಡಿ ಹೇಳಿ, ದನಿ ಕೇಳಿಸಲಿ. ಎಲ್ಲರ ಮುಂದೆ ಒಬ್ಬರಿಗೆ ಬೈದಿದ್ದರೆ ಅವತ್ತೇ ಅವರಿಗೆ ಒಂದು ಕಾಲ್ ಮಾಡಿ. ಕ್ಯಾಮೆರಾ ಯಾವಾಗಲೂ ಆನ್ ಇರಲೇಬೇಕು ಅನ್ನಬೇಡಿ, ಆದರೆ ದಿನಾ ಆನ್ ಮಾಡುತ್ತಿದ್ದವರು ಇದ್ದಕ್ಕಿದ್ದ ಹಾಗೆ ನಿಲ್ಲಿಸಿದರೆ ಗಮನಿಸಿ. ಹೊಸಬರು ಬಂದರೆ ಅವರಿಗೆ ಒಬ್ಬ ಹಿರಿಯರನ್ನು ಜೊತೆ ಮಾಡಿ. ಎಷ್ಟು ಸಲ ಬೇಕಾದರೂ ಕೇಳು, ನಿನಗೆ ಹೇಳಿಕೊಡುವುದೂ ನನ್ನ ಕೆಲಸ ಅಂತ ಆ ಹಿರಿಯರ ಬಾಯಿಂದಲೇ ಹೇಳಿಸಿ, ಅದಕ್ಕೆ ಅವರ ಕೆಲಸದಲ್ಲಿ ಸಮಯವನ್ನೂ ಬಿಡಿಸಿಕೊಡಿ. ಮನೆಯಲ್ಲಿ ಸಾವು, ಕಾಯಿಲೆ ಆದವರಿಗೆ ಗ್ರೂಪ್‌ನಲ್ಲಿ ಬರೆದು ಮುಗಿಸಬೇಡಿ. ಹತ್ತಿರ ಇದ್ದವರು ಹೋಗಿ ಬನ್ನಿ, ದೂರ ಇದ್ದವರು ಫೋನ್ ಮಾಡಿ. ಏನು ಹೇಳಬೇಕು ತಿಳಿಯದಿದ್ದರೂ ಪರವಾಗಿಲ್ಲ, ಮಾಡಿ.

ಮನೆಯಿಂದ ಕೆಲಸ ಮಾಡುವ ನನ್ನಂಥವರಿಗೂ ಒಂದು ಮಾತು. ವಾರಗಟ್ಟಲೆ ನಿದ್ದೆ ಬರದಿದ್ದರೆ, ಲ್ಯಾಪ್‌ಟಾಪ್ ತೆರೆಯುವಾಗಲೇ ಎದೆ ಹೊಡೆದುಕೊಳ್ಳುತ್ತಿದ್ದರೆ, ಯಾವುದೂ ಬೇಡ ಅನ್ನಿಸುತ್ತಿದ್ದರೆ ಅದನ್ನು ಸೋಮಾರಿತನ ಅಂದುಕೊಂಡು ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ. ವೈದ್ಯರನ್ನು ನೋಡಿ, ಮನೆಯಲ್ಲಿ ಒಬ್ಬರಿಗಾದರೂ ಹೇಳಿ. ಅತಿಯಾದ ಕೆಲಸದ ಒತ್ತಡದಿಂದ ಮನುಷ್ಯ ಬಸವಳಿಯುವುದನ್ನು ವಿಶ್ವ ಆರೋಗ್ಯ ಸಂಸ್ಥೆಯೇ ತನ್ನ ಪಟ್ಟಿಯಲ್ಲಿ ಕೆಲಸಕ್ಕೆ ಸಂಬಂಧಪಟ್ಟ ಸಂಗತಿ ಅಂತ ಬರೆದುಕೊಂಡಿದೆ. ಅದು ನಿಮ್ಮ ಸ್ವಭಾವದ ದೋಷ ಅಲ್ಲ.

ಸಂಪಾದಕರೇ, ಕೊನೆಯದಾಗಿ ನಿಮ್ಮಲ್ಲೇ ಒಂದು ಕೋರಿಕೆ. ಮುಂದಿನ ಸಲ ಮನೆಯಿಂದ ಕೆಲಸದ ಬಗ್ಗೆ ನಿಮ್ಮ ವರದಿಗಾರರು ಬರೆಯುವಾಗ ಕಂಪನಿಗಳ ಮುಖ್ಯಸ್ಥರ ಜೊತೆಗೆ, ಮೊದಲ ಕೆಲಸವನ್ನು ಒಂದು ಚಿಕ್ಕ ರೂಮಿನಿಂದ ಮಾಡುತ್ತಿರುವ ಯಾರಾದರೂ ಒಬ್ಬರನ್ನು ಮಾತಾಡಿಸಲಿ. ಎಷ್ಟು ಕೆಲಸ ಮಾಡಿದಿರಿ ಅಂತ ಕೇಳುವವರು ಅವರಿಗೆ ಬೇಕಾದಷ್ಟು ಇದ್ದಾರೆ. ಇವತ್ತು ಯಾರ ಜೊತೆ ಮಾತಾಡಿದಿರಿ ಅಂತ ಕೇಳಲಿ, ಅವರು ಹೇಳಿದ್ದನ್ನು ಹಾಗೇ ಅಚ್ಚು ಮಾಡಿ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು